ಓದುಗರ ಪ್ರಶ್ನೆ: ಆನ್‌ಲೈನ್ ಟಿಕೆಟ್ ಸರದಿಯಲ್ಲಿ ನಡೆಯುವುದೇನು?

ಈ ಸಂಚಿಕೆಗೆ ಆರಿಸಿಕೊಂಡ ಪತ್ರಗಳೆಲ್ಲವೂ ಸಂಗೀತ ಕಾರ್ಯಕ್ರಮಗಳ ಟಿಕೆಟ್‌ಗಳನ್ನು ಆನ್‌ಲೈನ್‌ನಲ್ಲಿ ಕೊಳ್ಳುವಾಗ ಆಗುವ ತೊಂದರೆಗಳಿಗೆ ಸಂಬಂಧಿಸಿದವು. ಬರೆದವರಲ್ಲಿ ಹಲವರು ತಪ್ಪನ್ನು ತಮ್ಮ ತಲೆಯ ಮೇಲೇ ಹಾಕಿಕೊಂಡಿದ್ದಾರೆ. ಫೋನು ಹಳೆಯದಾಗಿತ್ತು, ನೆಟ್ ನಿಧಾನವಿತ್ತು, ಕೈ ಚುರುಕಾಗಿರಲಿಲ್ಲ ಎಂದು ನೊಂದುಕೊಂಡಿದ್ದಾರೆ. ಆದರೆ ಎಷ್ಟು ಟಿಕೆಟ್ ಹೊರಬರಬೇಕು, ಯಾವ ಬೆಲೆಗೆ ಬರಬೇಕು, ಯಾರಿಗೆ ಮೊದಲು ಸಿಗಬೇಕು ಎಂಬುದರ ಬಹುಭಾಗವನ್ನು ಆಯೋಜಕರು ಮತ್ತು ಮಾರಾಟ ಸಂಸ್ಥೆಗಳು ಮಾರಾಟ ತೆರೆಯುವ ಮೊದಲೇ ತೀರ್ಮಾನಿಸಿರುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಳಗಿನ ಉತ್ತರಗಳನ್ನು ಆ ದೃಷ್ಟಿಯಿಂದಲೇ ಬರೆದಿದ್ದೇನೆ.

ಪ್ರಶ್ನೆ: ನನ್ನ ಮೆಚ್ಚಿನ ಗಾಯಕಿಯ ಕಾರ್ಯಕ್ರಮದ ಟಿಕೆಟ್ ಮಾರಾಟ ಬೆಳಿಗ್ಗೆ ಹತ್ತಕ್ಕೆ ಶುರುವಾಗುವುದಿತ್ತು. ಒಂಬತ್ತಕ್ಕೇ ಲಾಗಿನ್ ಆಗಿ ಕಾದು ಕುಳಿತಿದ್ದೆ. ಹತ್ತಾದ ಕೂಡಲೇ ನನ್ನ ಮುಂದೆ ಸಾವಿರಾರು ಜನರಿದ್ದಾರೆ ಎಂದು ಪರದೆಯ ಮೇಲೆ ಬಂತು. ಕೊನೆಯ ಗಳಿಗೆಯಲ್ಲಿ ಬಂದ ಗೆಳತಿಗೆ ಟಿಕೆಟ್ ಸಿಕ್ಕಿತು, ನನಗೆ ಸಿಗಲಿಲ್ಲ. ಸಾಲು ಎಂದ ಮೇಲೆ ಮೊದಲು ಬಂದವರಿಗೆ ಮೊದಲು ಸಿಗಬೇಕಲ್ಲವೇ? ನಾನೆಲ್ಲಿ ಎಡವಿದೆ?
(ಪದವಿ ವಿದ್ಯಾರ್ಥಿನಿ)

ಉತ್ತರ: ನೀವು ಎಲ್ಲಿಯೂ ಎಡವಿಲ್ಲ. ದೊಡ್ಡ ಮಾರಾಟಗಳಲ್ಲಿ, ಸಮಯಕ್ಕೆ ಮೊದಲೇ ಬಂದವರನ್ನೆಲ್ಲ 'ವೇಟಿಂಗ್ ರೂಮ್' ಎಂಬ ಒಂದು ಪುಟದಲ್ಲಿ ಕೂರಿಸುತ್ತಾರೆ. ಮಾರಾಟ ತೆರೆದ ಕ್ಷಣದಲ್ಲಿ ಆ ಪುಟದಲ್ಲಿರುವ ಎಲ್ಲರಿಗೂ ಚೀಟಿ ಎತ್ತಿದಂತೆ ಸರದಿ ಸಂಖ್ಯೆ ಹಂಚಿಕೆಯಾಗುತ್ತದೆ. ಹೀಗಾಗಿ ಒಂದು ಗಂಟೆ ಮೊದಲು ಬಂದವರಿಗೂ ಐದು ನಿಮಿಷ ಮೊದಲು ಬಂದವರಿಗೂ ಅಲ್ಲಿ ವ್ಯತ್ಯಾಸವಿಲ್ಲ. ಮಾರಾಟ ತೆರೆದ ಮೇಲೆ ಬಂದವರು ಮಾತ್ರ ಇವರೆಲ್ಲರ ಹಿಂದೆ ನಿಲ್ಲುತ್ತಾರೆ. ಈ ಪದ್ಧತಿ ಅನ್ಯಾಯದ್ದೆಂದು ನಾನು ಹೇಳುವುದಿಲ್ಲ, ಏಕೆಂದರೆ ಕೆಲಸ ಬಿಟ್ಟು ಕೂರಲಾಗದವರಿಗೂ ಇದರಲ್ಲಿ ಸಮಾನ ಅವಕಾಶವಿದೆ, ಎಲ್ಲರೂ ಒಂದೇ ಸೆಕೆಂಡಿನಲ್ಲಿ ಮುಗಿಬಿದ್ದು ಸರ್ವರ್ ಕುಸಿಯುವುದೂ ಇದರಿಂದ ತಪ್ಪುತ್ತದೆ. ಅನ್ಯಾಯ ಇರುವುದು ಅದನ್ನು ಚೀಟಿ ಎಂದು ಕರೆಯದೆ ಸಾಲು ಎಂದು ತೋರಿಸುವುದರಲ್ಲಿ. ನಿಯಮವನ್ನು ಮೊದಲೇ ಸ್ಪಷ್ಟವಾಗಿ ತಿಳಿಸಿದ್ದರೆ ನಿಮ್ಮ ಆ ಒಂದು ಗಂಟೆಯೂ ಉಳಿಯುತ್ತಿತ್ತು, ನಿಮ್ಮನ್ನೇ ನೀವು ದೂರಿಕೊಳ್ಳುವ ಪ್ರಸಂಗವೂ ಬರುತ್ತಿರಲಿಲ್ಲ.

ನೀವು ಕೇಳದಿದ್ದರೂ ಇಲ್ಲಿ ಒಂದು ಮಾತು ಹೇಳಬೇಕು. ಸರದಿ ಸಂಖ್ಯೆ ಸಾಮಾನ್ಯವಾಗಿ ನಿಮ್ಮ ಬ್ರೌಸರ್‌ನಲ್ಲಿ ಉಳಿಯುವ ಒಂದು ಗುರುತಿಗೆ ಅಂಟಿಕೊಂಡಿರುತ್ತದೆ. ಚಡಪಡಿಸಿ ಪುಟವನ್ನು ಮತ್ತೆ ಮತ್ತೆ ರಿಫ್ರೆಶ್ ಮಾಡುವುದರಿಂದ ಸರದಿ ಮುಂದೆ ಹೋಗುವುದಿಲ್ಲ, ಕೆಲವು ವ್ಯವಸ್ಥೆಗಳಲ್ಲಿ ಇದ್ದ ಸ್ಥಾನವೂ ಹೋಗುತ್ತದೆ. ಒಂದೇ ಖಾತೆಯನ್ನು ಹಲವು ಟ್ಯಾಬ್‌ಗಳಲ್ಲಿ ತೆರೆದಿಟ್ಟರೆ, ಟಿಕೆಟ್ ದೋಚುವ ತಂತ್ರಾಂಶ (ಬಾಟ್) ಎಂದು ಶಂಕಿಸಿ ಹೊರಗೆ ಹಾಕುವುದೂ ಉಂಟು. ಒಂದು ಸಾಧನ, ಒಂದು ಬ್ರೌಸರ್, ಒಂದು ಖಾತೆ ಸಾಕು. ಮನೆಯಲ್ಲಿ ಇನ್ನೊಬ್ಬರು ತಮ್ಮ ಸ್ವಂತ ಖಾತೆಯಿಂದ, ತಮ್ಮ ಫೋನಿನಲ್ಲಿ ಪ್ರಯತ್ನಿಸುವುದು ಬೇರೆ ವಿಷಯ. ನಿಯಮ ಒಪ್ಪುವುದಾದರೆ ಅದರಿಂದ ಅವಕಾಶ ನಿಜವಾಗಿಯೂ ಹೆಚ್ಚುತ್ತದೆ.

ಸರದಿ ಬಂದ ಮೇಲೂ ಹಲವರಿಗೆ ನಿರಾಸೆಯಾಗುತ್ತದೆ. ನಕ್ಷೆಯಲ್ಲಿ ಖಾಲಿ ಸೀಟಿನ ಚುಕ್ಕೆ ಕಾಣುತ್ತದೆ, ಒತ್ತುತ್ತೀರಿ, ಚಕ್ರ ತಿರುಗುತ್ತದೆ, ಆಮೇಲೆ ಈ ಸೀಟನ್ನು ಬೇರೆಯವರು ತೆಗೆದುಕೊಂಡಿದ್ದಾರೆ ಎಂಬ ಸಂದೇಶ ಬರುತ್ತದೆ. ಪಕ್ಕದ ಚುಕ್ಕೆಯನ್ನು ಒತ್ತಿದರೆ ಅಲ್ಲಿಯೂ ಅದೇ ಕಥೆ. ನಿಮಗೆ ಕಾಣುವ ನಕ್ಷೆ ಕೆಲವು ಕ್ಷಣ ಹಳೆಯದಾಗಿರುವುದು ಇದಕ್ಕೆ ಕಾರಣ. ಒಬ್ಬರು ಸೀಟನ್ನು ಆರಿಸಿದ ಕೂಡಲೇ ಸರ್ವರ್ ಅದನ್ನು ಅವರಿಗಾಗಿ ಕೆಲವು ನಿಮಿಷ ಕಾದಿರಿಸುತ್ತದೆ, ಆದರೆ ಆ ಸುದ್ದಿ ಸಾವಿರಾರು ಪರದೆಗಳನ್ನು ತಲುಪಲು ಸಮಯ ಬೇಕು. ಎಲ್ಲರೂ ಮುಂದಿನ ಸಾಲಿನ ನಡುವಿನ ಸೀಟುಗಳನ್ನೇ ಒತ್ತುವುದರಿಂದ ಡಿಕ್ಕಿ ಅಲ್ಲಿಯೇ ಹೆಚ್ಚು. ನಿಮಗೆ ಸಮಾಧಾನವೆನಿಸುವ ಎರಡನೆಯ, ಮೂರನೆಯ ವಿಭಾಗವನ್ನು ಮೊದಲೇ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿದ್ದು ನೇರವಾಗಿ ಅಲ್ಲಿಗೆ ಹೋಗುವುದು, ಅಥವಾ 'ಲಭ್ಯವಿರುವ ಉತ್ತಮ ಸೀಟು' ಎಂಬ ಆಯ್ಕೆ ಇದ್ದರೆ ಅದನ್ನು ಬಳಸುವುದು ಹೆಚ್ಚು ಫಲ ಕೊಡುತ್ತದೆ. ಅದೇ ಕಾರಣಕ್ಕೆ, ಎಲ್ಲ ಮುಗಿಯಿತು ಎಂಬ ಸಂದೇಶ ಬಂದ ಕೂಡಲೇ ಪುಟ ಮುಚ್ಚಬೇಡಿ. ಹಣ ಕಟ್ಟಲಾಗದೆ ಬೇರೆಯವರು ಕೈಬಿಟ್ಟ ಸೀಟುಗಳು ಹತ್ತು ಹದಿನೈದು ನಿಮಿಷಗಳಲ್ಲಿ ಮತ್ತೆ ನಕ್ಷೆಗೆ ಬರುತ್ತವೆ.

ಪ್ರಶ್ನೆ: ಹತ್ತಾರು ಸಾವಿರ ಜನ ಕೂರುವ ಕ್ರೀಡಾಂಗಣದ ಟಿಕೆಟ್‌ಗಳು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುವುದು ಹೇಗೆ? ಅದೇ ದಿನ ಮಧ್ಯಾಹ್ನ ಅವೇ ಟಿಕೆಟ್‌ಗಳು ಮರುಮಾರಾಟದ ತಾಣಗಳಲ್ಲಿ ಹಲವು ಪಟ್ಟು ಬೆಲೆಗೆ ಕಾಣಿಸಿಕೊಂಡವು. ಎಲ್ಲಿಗೆ ಹೋದವು ಆ ಸೀಟುಗಳು?
(ಹೆಸರು ಬೇಡವೆಂದ ಓದುಗರು)

ಉತ್ತರ: ಬಹಳಷ್ಟು ಸೀಟುಗಳು ಆ ಬೆಳಿಗ್ಗೆ ಮಾರಾಟಕ್ಕೇ ಬಂದಿರುವುದಿಲ್ಲ. ಇದನ್ನು ಊಹೆಯಿಂದ ಹೇಳುತ್ತಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ ತನಿಖೆ ನಡೆಸಿ 2016ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಹೆಚ್ಚು ಬೇಡಿಕೆಯ ಕಾರ್ಯಕ್ರಮಗಳಲ್ಲಿ ಸರಾಸರಿ ಶೇ. 16ರಷ್ಟು ಟಿಕೆಟ್‌ಗಳನ್ನು ಕಲಾವಿದರು, ಆಯೋಜಕರು, ಸಭಾಂಗಣದವರು ಮುಂತಾದ ಒಳಗಿನವರಿಗಾಗಿ ತೆಗೆದಿರಿಸಲಾಗಿತ್ತು. ಇನ್ನು ಶೇ. 38ರಷ್ಟು, ಕೆಲವು ಕ್ರೆಡಿಟ್ ಕಾರ್ಡ್ ಇರುವವರು, ಅಭಿಮಾನಿ ಸಂಘದ ಸದಸ್ಯರು ಮುಂತಾದವರಿಗೆ ಪ್ರೀ-ಸೇಲ್‌ನಲ್ಲಿ, ಅಂದರೆ ಸಾರ್ವಜನಿಕ ಮಾರಾಟಕ್ಕೆ ಮೊದಲೇ ನಡೆಯುವ ಮಾರಾಟದಲ್ಲಿ, ಹೋಗಿತ್ತು. ಸಾರ್ವಜನಿಕರೆಲ್ಲರಿಗೂ ತೆರೆದ ಮಾರಾಟಕ್ಕೆ ಉಳಿದದ್ದು ಶೇ. 46 ಮಾತ್ರ. ನೀವು ಕಾದು ಕುಳಿತದ್ದು ಕ್ರೀಡಾಂಗಣದ ಎಲ್ಲ ಸೀಟುಗಳಿಗಾಗಿ ಎಂದು ನೀವು ನಂಬಿದ್ದಿರಿ. ಹಾಗಲ್ಲ ಎಂದು ಯಾರೂ ಹೇಳಲಿಲ್ಲ. ಒಟ್ಟು ಎಷ್ಟು ಸೀಟುಗಳಲ್ಲಿ ಎಷ್ಟು ಈ ದಿನ ಮಾರಾಟಕ್ಕಿವೆ ಎಂಬ ಒಂದು ಸಾಲನ್ನು ಮಾರಾಟದ ಪುಟದಲ್ಲಿ ಕಡ್ಡಾಯ ಮಾಡಿದರೆ, ಅಭಿಮಾನಿಗಳ ಅರ್ಧ ಕೋಪ ಸರಿಯಾದ ವಿಳಾಸಕ್ಕೆ ಹೋಗಿ ಮುಟ್ಟುತ್ತದೆ.

ಉಳಿದುದರಲ್ಲಿ ಪಾಲು ಕಸಿಯುವುದು ಬಾಟ್‌ಗಳು, ಅಂದರೆ ಮನುಷ್ಯರಿಗಿಂತ ವೇಗವಾಗಿ ಫಾರಂ ತುಂಬಿ, ನೂರಾರು ಖಾತೆಗಳ ಮತ್ತು ಕಾರ್ಡ್‌ಗಳ ಹೆಸರಿನಲ್ಲಿ ಏಕಕಾಲಕ್ಕೆ ಟಿಕೆಟ್ ಕೊಳ್ಳುವ ತಂತ್ರಾಂಶಗಳು. ಅದೇ ವರದಿಯಲ್ಲಿ ದಾಖಲಾದ ಒಂದು ಸಂಗತಿ ನನ್ನನ್ನು ಇಂದಿಗೂ ಕೆರಳಿಸುತ್ತದೆ. ಯು2 ತಂಡವು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನೀಡಲಿದ್ದ ಒಂದು ಕಾರ್ಯಕ್ರಮಕ್ಕೆ, ಒಂದೇ ಬಾಟ್ ಒಂದೇ ನಿಮಿಷದಲ್ಲಿ 1,012 ಟಿಕೆಟ್‌ಗಳನ್ನು ಕೊಂಡಿತ್ತು. ಒಬ್ಬರಿಗೆ ಇಷ್ಟೇ ಟಿಕೆಟ್ ಎಂಬ ಮಿತಿ ಅಲ್ಲಿಯೂ ಇತ್ತು. ಆ ಒಂದು ನಿಮಿಷದಲ್ಲಿ ಒಬ್ಬ ಮನುಷ್ಯ ತನ್ನ ಕಾರ್ಡಿನ ಸಂಖ್ಯೆಯನ್ನೂ ಪೂರ್ತಿಯಾಗಿ ತುಂಬಿ ಮುಗಿಸಿರುವುದಿಲ್ಲ.

ಕಾನೂನು ಇಲ್ಲವೇ ಎಂದರೆ, ಇದೆ. ಇಂಥ ಬಾಟ್‌ಗಳನ್ನು ನಿಷೇಧಿಸುವ ಕಾಯಿದೆಯನ್ನು ಅಮೆರಿಕ 2016ರ ಡಿಸೆಂಬರ್‌ನಲ್ಲಿ ತಂದಿತು. ಆದರೆ ಅದರ ಅಡಿಯಲ್ಲಿ ಅಲ್ಲಿ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ ಮೊದಲ ಕ್ರಮ ಪ್ರಕಟಿಸಿದ್ದು 2021ರ ಜನವರಿಯಲ್ಲಿ. ನಾಲ್ಕು ವರ್ಷ ಕಪಾಟಿನಲ್ಲಿ ಮಲಗಿದ ಕಾನೂನಿಗೆ ದಲ್ಲಾಳಿಗಳು ಹೆದರಬೇಕಾದ ಕಾರಣವೇನಿತ್ತು?

ಬಾಟ್‌ಗಳ ಹಾವಳಿಯ ಜೊತೆಗೆ ಮಾರಾಟ ಸಂಸ್ಥೆಗಳ ಸಿದ್ಧತೆಯ ಕೊರತೆಯೂ ಸೇರಿದರೆ ಏನಾಗುತ್ತದೆ ಎಂಬುದನ್ನು 2022ರ ನವೆಂಬರ್‌ನಲ್ಲಿ ಗಾಯಕಿ ಟೇಲರ್ ಸ್ವಿಫ್ಟ್ ಅವರ ಸಂಗೀತ ಪ್ರವಾಸದ ಪ್ರೀ-ಸೇಲ್ ತೋರಿಸಿತು. ಸುಮಾರು 35 ಲಕ್ಷ ಜನ ಮುಂಚಿತವಾಗಿ ನೋಂದಾಯಿಸಿಕೊಂಡಿದ್ದರು. ಟಿಕೆಟ್ ಮಾರುತ್ತಿದ್ದ ಟಿಕೆಟ್‌ಮಾಸ್ಟರ್ ಸಂಸ್ಥೆಯೇ ಹೇಳಿದಂತೆ ಅದರ ವ್ಯವಸ್ಥೆಗೆ 350 ಕೋಟಿ ಕೋರಿಕೆಗಳು ಬಂದು ಬಡಿದವು. ಒಂದೇ ದಿನ 20 ಲಕ್ಷಕ್ಕೂ ಹೆಚ್ಚು ಟಿಕೆಟ್‌ಗಳು ಮಾರಾಟವಾದವು, ಗಂಟೆಗಟ್ಟಲೆ ಸರದಿಯಲ್ಲಿದ್ದವರು ಬರಿಗೈಯಲ್ಲಿ ಹೊರಬಿದ್ದರು, ಆಮೇಲೆ ನಡೆಯಬೇಕಿದ್ದ ಸಾರ್ವಜನಿಕ ಮಾರಾಟವೇ ರದ್ದಾಯಿತು. 2023ರ ಜನವರಿಯಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದು ಈ ಬಗ್ಗೆ ವಿಚಾರಣೆ ನಡೆಸಿತು. ಟಿಕೆಟ್‌ಮಾಸ್ಟರ್ 2010ರಲ್ಲಿ ಲೈವ್ ನೇಷನ್ ಎಂಬ ದೊಡ್ಡ ಆಯೋಜಕ ಕಂಪನಿಯೊಂದಿಗೆ ವಿಲೀನವಾಗಿತ್ತು. ಈ ಜೋಡಿ ಸ್ಪರ್ಧೆಯನ್ನು ಹತ್ತಿಕ್ಕುತ್ತಿದೆ ಎಂದು ಆರೋಪಿಸಿ ಅಮೆರಿಕದ ನ್ಯಾಯ ಇಲಾಖೆ 2024ರ ಮೇ ತಿಂಗಳಲ್ಲಿ ಮೊಕದ್ದಮೆ ಹೂಡಿತು. ಕಾರ್ಯಕ್ರಮ ಆಯೋಜಿಸುವವರು, ಸಭಾಂಗಣ ನಡೆಸುವವರು, ಟಿಕೆಟ್ ಮಾರುವವರು ಒಂದೇ ಮನೆಯವರಾದರೆ ಗ್ರಾಹಕ ಮುನಿಸಿಕೊಂಡು ಹೋಗಲು ಬೇರೆ ಅಂಗಡಿ ಇರುವುದಿಲ್ಲ ಎಂಬುದೇ ಇದರ ತಿರುಳು.

ನಿಮಗೆ ಉಪಯೋಗವಾಗುವ ಸಂಗತಿಯೊಂದು ಇದೇ ತೆಗೆದಿರಿಸುವ ಪದ್ಧತಿಯಲ್ಲಿದೆ. ವೇದಿಕೆ, ಧ್ವನಿವರ್ಧಕ, ಕ್ಯಾಮೆರಾಗಳು ಎಲ್ಲಿ ಬರುತ್ತವೆ ಎಂಬುದು ಖಚಿತವಾಗುವವರೆಗೆ ಕೆಲವು ಸೀಟುಗಳನ್ನು ಮಾರುವುದಿಲ್ಲ. ದೃಷ್ಟಿಗೆ ಅಡ್ಡಿಯಿಲ್ಲವೆಂದು ಖಾತ್ರಿಯಾದ ಮೇಲೆ, ಕಾರ್ಯಕ್ರಮಕ್ಕೆ ಕೆಲವೇ ದಿನ ಇರುವಾಗ, ಕೆಲವೊಮ್ಮೆ ಅದೇ ದಿನ, ಅವು ಅಧಿಕೃತ ತಾಣದಲ್ಲಿ ಮೂಲ ಬೆಲೆಗೆ ಸದ್ದಿಲ್ಲದೆ ಬರುತ್ತವೆ. ಅತಿಥಿಗಳಿಗೆಂದು ಇರಿಸಿ ಬಳಸದೆ ಉಳಿದವೂ ಹಾಗೆಯೇ. ಮಾರಾಟದ ದಿನವೇ ಕೈಚೆಲ್ಲದೆ ಕೊನೆಯ ವಾರದಲ್ಲಿ ಮತ್ತೆ ನೋಡಿ.

ಪ್ರಶ್ನೆ: ಜಾಹೀರಾತಿನಲ್ಲಿ ಒಂದು ಬೆಲೆ, ಸೀಟು ಆರಿಸುವಾಗ ಇನ್ನೊಂದು, ಹಣ ಕಟ್ಟುವಾಗ ಮತ್ತೊಂದು. ಮೊದಲಿನ ಎರಡರ ವ್ಯತ್ಯಾಸಕ್ಕೆ ಬೇಡಿಕೆ ಹೆಚ್ಚಾಗಿದೆ ಎಂಬ ವಿವರಣೆ, ಆಮೇಲಿನದಕ್ಕೆ ಕನ್ವೀನಿಯನ್ಸ್ ಫೀ ಎಂಬ ಹೆಸರು. ಇದು ಸರಿಯೇ?
(ಶಾಲಾ ಶಿಕ್ಷಕರು)

ಉತ್ತರ: ಎರಡೂ ಬೇರೆ ಬೇರೆ ವಿಷಯಗಳು, ಎರಡರಲ್ಲಿಯೂ ನನ್ನ ಆಕ್ಷೇಪ ಒಂದೇ. ಗ್ರಾಹಕನಿಗೆ ಬೆಲೆ ತಿಳಿಯುವುದು ಯೋಚಿಸಲು ಸಮಯವಿಲ್ಲದ ಗಳಿಗೆಯಲ್ಲಿ.

ಮೊದಲು ಶುಲ್ಕದ ಮಾತು. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2018ರಲ್ಲಿ ನೀಡಿದ ವರದಿಯಲ್ಲಿ, ತಾನು ಪರಿಶೀಲಿಸಿದ ಕಾರ್ಯಕ್ರಮಗಳಲ್ಲಿ ಮೊದಲ ಮಾರಾಟದ ಶುಲ್ಕಗಳು ಟಿಕೆಟ್ ಬೆಲೆಯ ಸರಾಸರಿ ಶೇ. 27ರಷ್ಟು, ಮರುಮಾರಾಟದಲ್ಲಿ ಶೇ. 31ರಷ್ಟು ಇದ್ದವು ಎಂದು ಹೇಳಿದೆ. ಈ ಶುಲ್ಕವೆಲ್ಲ ತಾಣದ ಜೇಬಿಗೇ ಹೋಗುತ್ತದೆ ಎಂದು ಹಲವರು ಭಾವಿಸಿದ್ದಾರೆ. ವಾಸ್ತವವಾಗಿ ಅದರಲ್ಲಿ ಸಭಾಂಗಣದವರಿಗೂ, ಕೆಲವೊಮ್ಮೆ ಆಯೋಜಕರಿಗೂ ಪಾಲಿರುತ್ತದೆ, ಬೈಗುಳ ಮಾತ್ರ ತಾಣಕ್ಕೆ ಸಲ್ಲುತ್ತದೆ. ಕಲಾವಿದರು ಮನಸ್ಸು ಮಾಡಿದರೆ ಇದನ್ನು ಪ್ರಶ್ನಿಸಬಹುದೆಂಬುದಕ್ಕೆ 2023ರ ಮಾರ್ಚ್‌ನ ಒಂದು ಉದಾಹರಣೆಯಿದೆ. 'ದಿ ಕ್ಯೂರ್' ತಂಡದ ಗಾಯಕ ರಾಬರ್ಟ್ ಸ್ಮಿತ್ ಟಿಕೆಟ್ ಬೆಲೆಯನ್ನು ಕಡಿಮೆ ಇರಿಸಿದ್ದರೂ, ಕೆಲವು ಅಭಿಮಾನಿಗಳಿಗೆ ಟಿಕೆಟ್‌ಗಿಂತ ಅದರ ಮೇಲಿನ ಶುಲ್ಕಗಳೇ ಹೆಚ್ಚಾದವು. ಸ್ಮಿತ್ ಬಹಿರಂಗವಾಗಿಯೇ ಸಿಟ್ಟು ತೋರಿಸಿದ ಮೇಲೆ ಟಿಕೆಟ್‌ಮಾಸ್ಟರ್ ಅತಿ ಕಡಿಮೆ ಬೆಲೆಯ ಟಿಕೆಟ್‌ಗಳಿಗೆ ತಲಾ 10 ಡಾಲರ್, ಉಳಿದವುಗಳಿಗೆ 5 ಡಾಲರ್ ಹಿಂದಿರುಗಿಸಿತು. ಒಂದೆರಡು ದಿನಗಳಲ್ಲಿ ಮರಳಿಸಬಹುದಾದ ಹಣ ಅನಿವಾರ್ಯದ ಶುಲ್ಕವಾಗಿತ್ತೆಂದು ಒಪ್ಪುವುದು ನನಗೆ ಕಷ್ಟ. 2025ರ ಮೇ ತಿಂಗಳಿಂದ ಅಮೆರಿಕದಲ್ಲಿ ಕಡ್ಡಾಯ ಶುಲ್ಕಗಳನ್ನೆಲ್ಲ ಸೇರಿಸಿದ ಒಟ್ಟು ಬೆಲೆಯನ್ನೇ ಮೊದಲು ತೋರಿಸಬೇಕೆಂಬ ನಿಯಮ ಬಂದಿದೆ. ಶುಲ್ಕ ಇದರಿಂದ ಇಳಿಯಲೇಬೇಕೆಂದಿಲ್ಲ, ಆದರೆ ಅದನ್ನು ಬಚ್ಚಿಡುವುದು ನಿಲ್ಲುತ್ತದೆ.

ಇನ್ನು ಏರುವ ಬೆಲೆ. 2024ರ ಆಗಸ್ಟ್ 31ರಂದು ಬ್ರಿಟನ್ನಿನ ಒಯಾಸಿಸ್ ತಂಡದ ಟಿಕೆಟ್‌ಗಳು ಮಾರಾಟಕ್ಕೆ ಬಂದಾಗ, ಗಂಟೆಗಟ್ಟಲೆ ಕಾದು ಒಳಹೊಕ್ಕವರಿಗೆ ತಾವು ಎಣಿಸಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚಿನ ಬೆಲೆ ಎದುರಾಯಿತು. ಕ್ಷಣಕ್ಷಣಕ್ಕೂ ಕಂಪ್ಯೂಟರ್ ಬೆಲೆ ಏರಿಸಿತು ಎಂದೇ ಎಲ್ಲರೂ ನಂಬಿದ್ದರು. ಅಲ್ಲಿನ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರ ತನಿಖೆ ಮಾಡಿದಾಗ ಕಂಡದ್ದು ಬೇರೆ. ನಿಂತು ನೋಡುವ ಟಿಕೆಟ್‌ಗಳಿಗೆ ಎರಡು ಬೆಲೆಗಳನ್ನು ಮೊದಲೇ ನಿಗದಿಪಡಿಸಿ, ಕಡಿಮೆ ಬೆಲೆಯವು ಮುಗಿದ ಮೇಲೆ ಹೆಚ್ಚಿನ ಬೆಲೆಯವನ್ನು ಬಿಟ್ಟಿದ್ದರು. ಸರದಿಯಲ್ಲಿದ್ದವರಿಗೆ ಇದು ತಿಳಿದಿರಲಿಲ್ಲ. 'ಪ್ಲಾಟಿನಂ' ಎಂಬ ಹೆಸರಿನ ಕೆಲವು ಸೀಟುಗಳಿಗೆ ಸುಮಾರು ಎರಡೂವರೆ ಪಟ್ಟು ಬೆಲೆಯಿದ್ದರೂ, ಅದೇ ಜಾಗದ ಸಾಮಾನ್ಯ ಸೀಟಿಗಿಂತ ಹೆಚ್ಚಿನ ಸೌಲಭ್ಯವೇನೂ ಇರಲಿಲ್ಲ. ಹೀಗೆ ಎರಡು ಸ್ತರದ ಬೆಲೆಯಿದ್ದರೆ 24 ಗಂಟೆ ಮೊದಲೇ ತಿಳಿಸುವುದಾಗಿ ಟಿಕೆಟ್‌ಮಾಸ್ಟರ್ 2025ರ ಸೆಪ್ಟೆಂಬರ್‌ನಲ್ಲಿ ಪ್ರಾಧಿಕಾರಕ್ಕೆ ಮಾತು ಕೊಟ್ಟಿತು.

ನೀವು ಮಾಡಬಹುದಾದದ್ದು ಸರಳ. ಶುಲ್ಕವೂ ಸೇರಿ ಇಷ್ಟಕ್ಕಿಂತ ಒಂದು ಪೈಸೆಯನ್ನೂ ಕೊಡುವುದಿಲ್ಲ ಎಂಬ ಮೊತ್ತವನ್ನು ಹಿಂದಿನ ದಿನವೇ ಕಾಗದದ ಮೇಲೆ ಬರೆದಿಡಿ. ಸಮಯ ಮುಗಿಯುತ್ತಿದೆ ಎಂದು ಗಡಿಯಾರ ಹಿಂದಕ್ಕೆ ಓಡುತ್ತಿರುವ ಪುಟದಲ್ಲಿ ಆ ತೀರ್ಮಾನಕ್ಕೆ ಕೈಹಾಕಬೇಡಿ. ಆ ಗಡಿಯಾರ ಅಲ್ಲಿರುವಾಗ ಶಾಂತವಾಗಿ ಲೆಕ್ಕ ಹಾಕುವುದು ಯಾರಿಂದಲೂ ಆಗದ ಮಾತು. 'ಪ್ಲಾಟಿನಂ', 'ಪ್ರೀಮಿಯಂ' ಎಂಬ ಹೆಸರು ಕಂಡಲ್ಲಿ ಹೆಚ್ಚುವರಿಯಾಗಿ ಸಿಗುವುದೇನು ಎಂದು ಓದಿ. ಏನನ್ನೂ ಬರೆದಿರದಿದ್ದರೆ ಏನೂ ಸಿಗುವುದಿಲ್ಲ ಎಂದೇ ತಿಳಿಯಿರಿ.

ಪ್ರಶ್ನೆ: ಖಾತೆಯಿಂದ ಹಣ ಹೋಯಿತು, ಆದರೆ ಟಿಕೆಟ್ ಬರಲಿಲ್ಲ. ಗಾಬರಿಯಲ್ಲಿ ಇನ್ನೊಮ್ಮೆ ಕಟ್ಟಿದೆ, ಆಗ ಬಂತು. ಈಗ ಎರಡು ಸಲದ ಹಣ ಹೋಗಿದೆ. ಗ್ರಾಹಕ ಸೇವೆಯವರು ಬ್ಯಾಂಕನ್ನು ಕೇಳಿ ಎನ್ನುತ್ತಾರೆ, ಬ್ಯಾಂಕಿನವರು ಅವರನ್ನೇ ಕೇಳಿ ಎನ್ನುತ್ತಾರೆ.
(ಗೃಹಿಣಿ)

ಉತ್ತರ: ಎರಡು ವ್ಯವಸ್ಥೆಗಳ ನಡುವಿನ ಸಂವಹನ ನಡುದಾರಿಯಲ್ಲಿ ಕಡಿದುಹೋದಾಗ ಹೀಗಾಗುತ್ತದೆ. ನಿಮ್ಮ ಬ್ಯಾಂಕ್ ಹಣಕ್ಕೆ ಒಪ್ಪಿಗೆ ಕೊಟ್ಟಿರುತ್ತದೆ, ಆ ಒಪ್ಪಿಗೆ ಟಿಕೆಟ್ ತಾಣವನ್ನು ತಲುಪುವಷ್ಟರಲ್ಲಿ ಸೀಟು ಕಾದಿರಿಸಿದ ಅವಧಿ ಮುಗಿದಿರುತ್ತದೆ. ಟಿಕೆಟ್ ಖಾತ್ರಿಯಾಗದ ಹಣ ಬಹುತೇಕ ತಾನಾಗಿಯೇ ಮರಳುತ್ತದೆ, ಕೆಲವು ದಿನ ಹಿಡಿಯಬಹುದು. ಹಾಗೆ ಮರಳದಿದ್ದರೆ ಮೊದಲ ವ್ಯವಹಾರದ ಸಂಖ್ಯೆ, ದಿನಾಂಕ, ಸಮಯ, ಮೊತ್ತ ಇವನ್ನು ಬರೆದು ಟಿಕೆಟ್ ತಾಣಕ್ಕೆ ಇಮೇಲ್ ಕಳುಹಿಸಿ. ಅವರಿಂದ 'ಈ ವ್ಯವಹಾರಕ್ಕೆ ಟಿಕೆಟ್ ನೀಡಿಲ್ಲ' ಎಂಬ ಲಿಖಿತ ಉತ್ತರ ಪಡೆಯಿರಿ. ಆ ಒಂದು ವಾಕ್ಯ ಕೈಯಲ್ಲಿದ್ದರೆ ಬ್ಯಾಂಕಿನಲ್ಲಿ ವ್ಯವಹಾರವನ್ನು ವಿವಾದಿತವೆಂದು ದಾಖಲಿಸುವುದು ಸುಲಭ. ಫೋನಿನಲ್ಲಿ ಆಡಿದ ಮಾತುಗಳಿಗೆ ಇಲ್ಲಿ ಬೆಲೆಯಿಲ್ಲ. ಗ್ರಾಹಕ ಸೇವೆಯ ಸಂಖ್ಯೆಯನ್ನು ಹುಡುಕಾಟದ ಪುಟದಿಂದ ತೆಗೆದುಕೊಳ್ಳದೆ ತಾಣದ ಒಳಗಿನಿಂದಲೇ ತೆಗೆದುಕೊಳ್ಳಿ. ಹಣ ವಾಪಸು ಕೊಡಿಸುವುದಾಗಿ ಹೇಳಿ ಓಟಿಪಿ ಕೇಳುವ ವಂಚಕರು ಇಂಥ ಗಾಬರಿಯನ್ನೇ ಕಾಯುತ್ತಿರುತ್ತಾರೆ.

ಇನ್ನು ಮುಂದೆ ಹೀಗಾದರೆ, ಎರಡನೆಯ ಸಲ ಕಟ್ಟುವ ಮೊದಲು ನಿಮ್ಮ ಖಾತೆಯ 'ಆರ್ಡರ್‌ಗಳು' ಪುಟವನ್ನೂ ಇಮೇಲ್‌ನ ಸ್ಪ್ಯಾಮ್ ಭಾಗವನ್ನೂ ಒಮ್ಮೆ ನೋಡಿ. ಟಿಕೆಟ್ ಖಾತ್ರಿಯಾಗಿದ್ದೂ ಪುಟ ಮಾತ್ರ ಕೆಟ್ಟಿರುವ ಸಂದರ್ಭಗಳು ಕಡಿಮೆಯೇನಲ್ಲ.

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆಂದು ಸಾಮಾಜಿಕ ಜಾಲತಾಣದಲ್ಲಿ ಒಬ್ಬರಿಂದ ಎರಡು ಟಿಕೆಟ್ ಕೊಂಡೆ. ಅವರು ಟಿಕೆಟ್‌ನ ಸ್ಕ್ರೀನ್‌ಶಾಟ್ ಕಳುಹಿಸಿದರು. ಬಾಗಿಲಲ್ಲಿ ಸ್ಕ್ಯಾನ್ ಆಗಲಿಲ್ಲ. ಮಗಳು ಅತ್ತುಕೊಂಡು ವಾಪಸು ಬಂದಳು. ಮರುಮಾರಾಟದ ಟಿಕೆಟ್‌ಗಳನ್ನು ನಂಬಲೇಬಾರದೇ?
(ಒಬ್ಬ ತಂದೆ)

ಉತ್ತರ: ನಿಮ್ಮ ಮಗಳ ಬಗ್ಗೆ ಓದಿ ಬಹಳ ನೋವಾಯಿತು. ಈಗ ಹಲವು ಟಿಕೆಟ್‌ಗಳ ಬಾರ್‌ಕೋಡ್ ಆ್ಯಪ್‌ನೊಳಗೆ ಕೆಲವು ಸೆಕೆಂಡುಗಳಿಗೊಮ್ಮೆ ಬದಲಾಗುತ್ತಿರುತ್ತದೆ. ಸ್ಕ್ರೀನ್‌ಶಾಟ್ ನಿಮ್ಮ ಫೋನಿಗೆ ತಲುಪುವ ಹೊತ್ತಿಗೇ ಅದು ಸತ್ತಿರುತ್ತದೆ. ಬದಲಾಗದ ಹಳೆಯ ಬಗೆಯ ಬಾರ್‌ಕೋಡ್ ಆಗಿದ್ದರೂ ಅದನ್ನೇ ಹತ್ತು ಜನರಿಗೆ ಮಾರಲು ಸಾಧ್ಯ. ಬಾಗಿಲಿಗೆ ಮೊದಲು ಬಂದವರು ಒಳಗೆ ಹೋಗುತ್ತಾರೆ, ಉಳಿದವರು ಹೊರಗೆ. ಆದ್ದರಿಂದ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುವ ಟಿಕೆಟ್‌ಗೆ ಅಪರಿಚಿತರಿಗೆ ಹಣ ಕೊಡಲೇಬೇಡಿ. ಮೂಲ ತಾಣದ 'ವರ್ಗಾವಣೆ' ಸೌಲಭ್ಯದ ಮೂಲಕ ಟಿಕೆಟ್ ನಿಮ್ಮ ಖಾತೆಗೆ ಬಂದು, ಹೊಸ ಬಾರ್‌ಕೋಡ್ ನಿಮ್ಮ ಆ್ಯಪ್‌ನಲ್ಲಿ ಕಂಡರೆ ಮಾತ್ರ ಅದು ನಿಮ್ಮದು.

ದೊಡ್ಡ ಮರುಮಾರಾಟ ತಾಣಗಳಲ್ಲಿಯೂ ಒಂದು ಎಚ್ಚರ ಬೇಕು. ಕೆಲವು ದಲ್ಲಾಳಿಗಳು ತಮ್ಮ ಕೈಯಲ್ಲಿ ಇಲ್ಲದ ಟಿಕೆಟ್‌ಗಳನ್ನೇ ಮಾರಾಟಕ್ಕೆ ಇಡುತ್ತಾರೆ. ನಿಮ್ಮಿಂದ ಹೆಚ್ಚಿನ ಬೆಲೆ ಪಡೆದು, ಆಮೇಲೆ ಕಡಿಮೆ ಬೆಲೆಗೆ ಎಲ್ಲಾದರೂ ಸಿಕ್ಕರೆ ಕೊಟ್ಟು ನಡುವಿನ ಹಣ ಇಟ್ಟುಕೊಳ್ಳುವುದು ಅವರ ವ್ಯಾಪಾರ. ಅಧಿಕೃತ ಮಾರಾಟ ಇನ್ನೂ ಆರಂಭವಾಗುವ ಮೊದಲೇ ಟಿಕೆಟ್ ಕಂಡರೆ, ಅಥವಾ ಸಾಲು ಮತ್ತು ಸೀಟಿನ ಸಂಖ್ಯೆ ಇಲ್ಲದೆ ಬರೀ ವಿಭಾಗದ ಹೆಸರಿದ್ದರೆ, ಅನುಮಾನ ಪಡಿ.

ಮರುಮಾರಾಟವೇ ಕೆಟ್ಟದ್ದಲ್ಲ. ಜ್ವರ ಬಂದವರು, ರಜೆ ಸಿಗದವರು ತಮ್ಮ ಟಿಕೆಟನ್ನು ಇನ್ನೊಬ್ಬರಿಗೆ ಕೊಡಲು ದಾರಿ ಇರಲೇಬೇಕು. ಮುಖಬೆಲೆಗಿಂತ ಹೆಚ್ಚಿಗೆ ಮಾರುವಂತಿಲ್ಲ ಎಂದು ಐರ್ಲೆಂಡ್ 2021ರಲ್ಲಿ ಕಾನೂನು ಮಾಡಿತು. ನನ್ನ ಮಟ್ಟಿಗೆ ಇದೇ ಸರಿಯಾದ ದಾರಿ, ಏಕೆಂದರೆ ಲಾಭವೇ ಇಲ್ಲದ ಕಡೆ ಬಾಟ್‌ಗಳಿಗೂ ಕೆಲಸವಿಲ್ಲ. ಬೆಲೆಗೆ ಮಿತಿ ಹಾಕಿದರೆ ವ್ಯಾಪಾರ ಕಳ್ಳದಾರಿ ಹಿಡಿಯುತ್ತದೆ ಎಂಬ ವಾದವೂ ಇದೆ, ಅದರಲ್ಲಿ ಸ್ವಲ್ಪ ಹುರುಳೂ ಇದೆ. ಮೂಲ ತಾಣದಲ್ಲಿಯೇ ಮುಖಬೆಲೆಗೆ ಮರಳಿ ಮಾರುವ ಸುಲಭ ವ್ಯವಸ್ಥೆ ಇದ್ದರೆ, ಕಳ್ಳದಾರಿಗೆ ಹೋಗುವ ಅಗತ್ಯ ಸಾಮಾನ್ಯರಿಗೆ ಬರುವುದಿಲ್ಲ. ನೀವು ಕೊಂಡದ್ದು ವಂಚನೆಯ ಟಿಕೆಟ್. ಹಣ ಕಟ್ಟಿದ ದಾಖಲೆ ಮತ್ತು ಸಂದೇಶಗಳನ್ನು ಅಳಿಸದೆ ಸೈಬರ್ ಅಪರಾಧ ವಿಭಾಗಕ್ಕೆ ದೂರು ಕೊಡಿ, ಬ್ಯಾಂಕಿಗೂ ತಿಳಿಸಿ.

ಪ್ರಶ್ನೆ: ನನಗೆ ದೃಷ್ಟಿ ಮಂದ. ಕೊಳ್ಳುವವರು ಮನುಷ್ಯರೇ ಎಂದು ಪರೀಕ್ಷಿಸುವ ಕ್ಯಾಪ್ಚಾದ ಅಕ್ಷರಗಳನ್ನು ಗುರುತಿಸುವಷ್ಟರಲ್ಲಿ ಸಮಯ ಮುಗಿದು ಸರದಿ ತಪ್ಪುತ್ತದೆ. ಮಕ್ಕಳನ್ನು ಪ್ರತಿ ಸಲ ಕೇಳಲು ಸಂಕೋಚ. ನನ್ನಂಥವರು ಏನು ಮಾಡಬೇಕು?
(ನಿವೃತ್ತ ನೌಕರರು)

ಉತ್ತರ: ಸಂಕೋಚಪಡಬೇಕಾದವರು ನೀವಲ್ಲ. ಬಾಟ್‌ಗಳನ್ನು ತಡೆಯಲೆಂದು ಹಾಕಿದ ಬೇಲಿ, ಅದನ್ನು ಹಾರಬಲ್ಲ ಬಾಟ್‌ಗಳನ್ನು ಬಿಟ್ಟು ನಿಮ್ಮನ್ನು ತಡೆಯುತ್ತಿದೆ. ಹಲವು ಕ್ಯಾಪ್ಚಾಗಳಲ್ಲಿ ಅಕ್ಷರಗಳ ಬದಲು ಧ್ವನಿಯನ್ನು ಕೇಳಿ ಉತ್ತರಿಸುವ ಆಯ್ಕೆ ಇರುತ್ತದೆ. ಹೆಡ್‌ಫೋನಿನ ಚಿಕ್ಕ ಗುರುತನ್ನು ಒತ್ತಬೇಕು. ಹೆಸರು, ವಿಳಾಸ, ಕಾರ್ಡಿನ ವಿವರಗಳನ್ನು ಹಿಂದಿನ ದಿನವೇ ಖಾತೆಯಲ್ಲಿ ಉಳಿಸಿಟ್ಟರೆ ಮಾರಾಟದ ಹೊತ್ತಿನಲ್ಲಿ ಟೈಪ್ ಮಾಡುವುದು ಬಹಳ ಕಡಿಮೆಯಾಗುತ್ತದೆ. ಅಂಗವೈಕಲ್ಯ ಇರುವವರಿಗೂ ಅವರ ಜೊತೆಗಾರರಿಗೂ ಮೀಸಲಾದ ಸೀಟುಗಳನ್ನು ಹಲವು ಸಭಾಂಗಣಗಳು ಪ್ರತ್ಯೇಕ ದೂರವಾಣಿ ಅಥವಾ ಇಮೇಲ್ ಮೂಲಕ ಕೊಡುತ್ತವೆ, ಅವು ಸಾಮಾನ್ಯ ಸರದಿಯಲ್ಲಿ ಕಾಣುವುದಿಲ್ಲ. ಆದ್ದರಿಂದ ಕಾರ್ಯಕ್ರಮ ಘೋಷಣೆಯಾದ ಕೂಡಲೇ, ಮಾರಾಟದ ದಿನಕ್ಕೆ ಕಾಯದೆ, ಟಿಕೆಟ್ ತಾಣದ ಬದಲು ಸಭಾಂಗಣದ ಕಚೇರಿಗೇ ಬರೆದು ಕೇಳಿ. ಕೌಂಟರಿನಲ್ಲಿ ಟಿಕೆಟ್ ಕೊಡುತ್ತಾರೆಯೇ ಎಂಬುದನ್ನೂ ಅದೇ ಪತ್ರದಲ್ಲಿ ವಿಚಾರಿಸಿ. ಕೊಡುವುದಿಲ್ಲ ಎಂದರೆ ಆ ಉತ್ತರವನ್ನು ನಮಗೆ ಕಳುಹಿಸಿಕೊಡಿ. ಆಯೋಜಕರ ಮುಂದೆ ಈ ವಿಷಯವನ್ನು ಪತ್ರಿಕೆಯ ಪರವಾಗಿ ಎತ್ತಲು ನಮಗೆ ಅದು ಬೇಕಾಗುತ್ತದೆ.